ಕಾಲು ಚಮಚ ಸಾಕು, ಪುಟ್ಟಿ

ಪ್ರೀತಿಯ ಪುಟ್ಟಿ,

ಸೂಪು ಕಹಿಯಾಗಿ ಅಷ್ಟನ್ನೂ ಚೆಲ್ಲಿದೆ ಅಂತ ನಿನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಆಗಿನಿಂದ ನನಗೆ ಅದೇ ಯೋಚನೆ. ಸೆಲರಿ ಕಾಳು ಎಷ್ಟು ಹಾಕಿದೆ ಅಂತ ಕೇಳಿದರೆ 'ಒಂದು ಚಮಚ, ಜೀರಿಗೆ ಹಾಕೋ ಹಾಗೆ' ಅಂದೆ. ಎಡವಟ್ಟಾಗಿದ್ದು ಅಲ್ಲೇ. ಮೊದಲ ಸಲ ನಾನೂ ಹಾಗೇ ಹಾಕಿದ್ದೆ. ನೀನು ಅದನ್ನು ಮೂಲೆಗೆ ತಳ್ಳಿಬಿಡಬಾರದು ಅಂತ ಈ ಪತ್ರ.

ಡಬ್ಬಿಯಿಂದ ನಾಲ್ಕು ಕಾಳು ಅಂಗೈಗೆ ಹಾಕಿಕೋ. ಒಂದು ಗ್ರಾಂ ತೂಗಿದರೆ ಸಾವಿರಕ್ಕೂ ಜಾಸ್ತಿ ಬರುತ್ತವೆ, ಅಷ್ಟು ಸಣ್ಣವು. ಮೈಮೇಲೆ ಏಣುಗಳಿವೆ ನೋಡು, ಅವುಗಳ ನಡುವಿನ ಸಂದಿನಲ್ಲೇ ಎಣ್ಣೆ ಅಡಗಿರುವುದು. ಹೆಬ್ಬೆರಳಿನಿಂದ ಉಜ್ಜಿ ಮೂಸು. ಹಸಿ ಸೆಲರಿ ದಂಟಿನ ವಾಸನೆ, ಜೊತೆಗೆ ಒಂಚೂರು ಒಣಹುಲ್ಲಿನದ್ದು. ಈಗ ಒಂದೇ ಒಂದು ಕಾಳು ಕಚ್ಚು. ಮೊದಲು ಖಾರದಂಥ ಬಿಸಿ, ಆಮೇಲೆ ಕಹಿ. ಆ ಕಹಿ ಬೇಗ ನಾಲಿಗೆ ಬಿಡುವುದಿಲ್ಲ.

ಇದು ಓಂಕಾಳಲ್ಲ. ಜೀರಿಗೆ, ಕೊತ್ತಂಬರಿ, ಸೋಂಪಿನ ಕುಟುಂಬವೇ, ಅದಕ್ಕೇ ನೋಡೋಕೆ ಹೋಲುತ್ತವೆ. ಆದರೆ ಓಂಕಾಳಿನ ಘಾಟು ಬರುವುದು ಥೈಮಾಲ್‌ನಿಂದ, ಸೆಲರಿಯ ಪರಿಮಳ ಥಾಲೈಡ್ ಎಂಬ ಬೇರೆಯೇ ಪದಾರ್ಥಗಳಿಂದ. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ನಾಲ್ಕು ಜನರ ಸೂಪಿಗೆ ಕಾಲು ಟೀ ಚಮಚ ಸಾಕು. ಇಡೀ ಕಾಳಾದರೆ ಶುರುವಿನಲ್ಲೇ ಹಾಕು, ಕುದಿಯುತ್ತಾ ನಿಧಾನಕ್ಕೆ ಸಾರ ಬಿಡುತ್ತದೆ. ಪುಡಿಯಾದರೆ ಚಿಟಿಕೆ, ಅದೂ ಕೊನೆಗೆ. ಹುರಿಯಲೇಬೇಕು ಅನ್ನಿಸಿದರೆ ಸಣ್ಣ ಉರಿ, ಅರ್ಧ ನಿಮಿಷ. ಬಾಣಲೆ ಬಿಟ್ಟು ಆಚೆ ಈಚೆ ಹೋಗಬೇಡ.

ನನಗೆ ಇದರ ರುಚಿ ಹತ್ತಿದ್ದು ಆಲೂಗಡ್ಡೆಯಲ್ಲಿ. ಬೇಯಿಸಿ, ಸಿಪ್ಪೆ ತೆಗೆದು, ಬಿಸಿ ಇರುವಾಗಲೇ ಹೆಚ್ಚು. ಮೇಲೆ ಒಂದು ಚಮಚ ವಿನಿಗರ್, ಉಪ್ಪು, ಬೆರಳಿನಲ್ಲಿ ಹಿಡಿಯುವಷ್ಟು ಕಾಳು. ಬಿಸಿ ಆಲೂಗಡ್ಡೆ ಹುಳಿಯನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಆರಿದ ಮೇಲೆ ಮಯೊನೇಸ್ ಕಲಸಿ ಒಂದು ಗಂಟೆ ಫ್ರಿಜ್‌ನಲ್ಲಿಡು. ತೆಗೆದು ತಿಂದರೆ ಕಹಿ ಎಲ್ಲಿ ಹೋಯಿತು ಅನ್ನಿಸುತ್ತದೆ! ಹುಳಿ, ಉಪ್ಪು, ಜಿಡ್ಡು ಮೂರೂ ಸೇರಿ ಅದನ್ನು ಒಳಗೆ ಎಳೆದುಕೊಂಡಿರುತ್ತವೆ. ಉಳಿಯುವುದು ಬರೀ ಹಸಿರು ಪರಿಮಳ. ಸಣ್ಣಗೆ ಹೆಚ್ಚಿದ ಎಲೆಕೋಸಿಗೂ, ವಿನಿಗರ್‌ನಲ್ಲಿ ನೆನೆಸಿದ ಸೌತೆಕಾಯಿಗೂ, ಟೊಮೆಟೊ ರಸಕ್ಕೂ ಹೀಗೇ ಹೊಂದುತ್ತದೆ. ನಿನ್ನ ಸೂಪಿನಲ್ಲಿ ಹುಳಿಯೂ ಇರಲಿಲ್ಲ, ಬೆಣ್ಣೆಯೂ ಇರಲಿಲ್ಲ, ಅಲ್ವಾ?

ಎರಡು ಪಾಲು ಉಪ್ಪಿಗೆ ಒಂದು ಪಾಲು ಕಾಳು ಕುಟ್ಟಿಟ್ಟರೆ ಸೆಲರಿ ಉಪ್ಪು ರೆಡಿ. ಬೇಯಿಸಿದ ಮೊಟ್ಟೆಗೆ ಅದರಷ್ಟು ಚೆಂದ ಬೇರೆ ಇಲ್ಲ. ಸ್ವಲ್ಪ ಸ್ವಲ್ಪವೇ ಕುಟ್ಟು, ಪುಡಿಯ ಪರಿಮಳ ಬೇಗ ಹಾರಿಹೋಗುತ್ತದೆ.

ಬಿತ್ತನೆಗೆ ಮಾರುವ ಬೀಜ ಮಾತ್ರ ಅಡುಗೆಗೆ ಬೇಡ, ಅದಕ್ಕೆ ಔಷಧಿ ಹಚ್ಚಿರಬಹುದು. ಇನ್ನೊಂದು, ಗೆಳತಿಯರಿಗೆ ಬಡಿಸುವ ಮುಂಚೆ ಸೆಲರಿ ಆಗುತ್ತಾ ಅಂತ ಕೇಳು. ಕೆಲವರಿಗೆ ಇದರ ಅಲರ್ಜಿ ಜೋರಾಗಿಯೇ ಇರುತ್ತದೆ. ಯುರೋಪಿನಲ್ಲಿ ಪ್ಯಾಕೆಟ್ ಮೇಲೆ ಕಡ್ಡಾಯವಾಗಿ ಬರೆಯಬೇಕಾದ 14 ಅಲರ್ಜಿ ಪದಾರ್ಥಗಳಲ್ಲಿ ಸೆಲರಿಯೂ ಇದೆ.

ಭಾನುವಾರ ಮೂರು ಆಲೂಗಡ್ಡೆ ಬೇಯಿಸಿಟ್ಟುಕೊಂಡು ಫೋನ್ ಮಾಡು. ನಾನೂ ಇಲ್ಲಿ ಬೇಯಿಸಿಕೊಂಡಿರುತ್ತೇನೆ, ಜೊತೆಗೇ ಮಾಡೋಣ.

ಇಂತಿ,
ನಿನ್ನ ಅಮ್ಮ