‘ಯಾವ ಕಂಪನಿಯದಾದರೇನು’ ಎನ್ನುವಂತಿಲ್ಲ

ಮಾನ್ಯ ಸಂಪಾದಕರೇ,

ದಿನ ತುಂಬುವ ಮುನ್ನವೇ ಹುಟ್ಟಿದ ಶಿಶುಗಳಿಗೆ ಪ್ರೋಬಯಾಟಿಕ್ ಪುಡಿ, ಅಂದರೆ ಕರುಳಿಗೆ ಒಳ್ಳೆಯದೆಂದು ಕೊಡುವ ಜೀವಂತ ಬ್ಯಾಕ್ಟೀರಿಯಾಗಳ ಪುಡಿ, ಕೊಡುವ ಕ್ರಮದ ಬಗ್ಗೆ ಆರೋಗ್ಯ ಇಲಾಖೆಯ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಬೇಸಿಗೆಯಲ್ಲಿ ನನ್ನ ಮಗಳಿಗೆ 30ನೇ ವಾರದಲ್ಲೇ ಹೆರಿಗೆಯಾಗಿ, 1,240 ಗ್ರಾಂ ತೂಗುತ್ತಿದ್ದ ಹೆಣ್ಣು ಕೂಸು ಖಾಸಗಿ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕ ಸೇರಿತು. ಐದನೆಯ ದಿನ ನರ್ಸ್ ಚೀಟಿ ಕೊಟ್ಟು, ಅದರಲ್ಲಿದ್ದ ಪ್ರೋಬಯಾಟಿಕ್ ತರಲು ಹೇಳಿದರು. ಎದುರಿನ ಮೆಡಿಕಲ್ ಶಾಪಿನಲ್ಲಿ ಆ ಹೆಸರಿನದು ಇರಲಿಲ್ಲ. ಅಂಗಡಿಯವರು ಬೇರೊಂದು ಸ್ಯಾಶೆ ಮುಂದಿಟ್ಟು, ‘ಇದೂ ಅದೇ ಸಾರ್, ಮೊಸರಲ್ಲಿರೋ ಒಳ್ಳೇ ಬ್ಯಾಕ್ಟೀರಿಯಾ, ಯಾವ ಕಂಪನಿದಾದ್ರೇನು’ ಎಂದರು. ಬಿಸಿಲು ಬೀಳುವ ಕಪಾಟಿನಲ್ಲಿ, ಒಆರ್‌ಎಸ್ ಪೊಟ್ಟಣಗಳ ಪಕ್ಕದಲ್ಲಿದ್ದ ಅದರ ಮೇಲೆ ‘ತಂಪಾದ ಜಾಗದಲ್ಲಿಡಿ’ ಎಂದು ಅಚ್ಚಾಗಿತ್ತು. ಔಷಧ ಪರವಾನಗಿ ಸಂಖ್ಯೆಯ ಬದಲು 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆಯಿತ್ತು. ಅದನ್ನೇ ತಂದುಕೊಟ್ಟೆ, ಚೀಟಿಯಲ್ಲಿದ್ದದ್ದು ಇದಲ್ಲವಲ್ಲ ಎಂದು ಯಾರೂ ಕೇಳಲಿಲ್ಲ.

ಪ್ರೋಬಯಾಟಿಕ್ ಬೇಡವೆಂಬುದು ನನ್ನ ವಾದವಲ್ಲ. ಇಂಥ ಕೂಸುಗಳ ಕರುಳು ಇನ್ನೂ ಬಲಿತಿರುವುದಿಲ್ಲ. ಕೆಲವಕ್ಕೆ ಹೊಟ್ಟೆ ಉಬ್ಬಿ, ಮಲದಲ್ಲಿ ರಕ್ತ ಕಾಣಿಸಿಕೊಂಡು, ಕರುಳಿನ ಗೋಡೆಯೇ ಕೊಳೆಯತೊಡಗುವ ಎನ್‌ಇಸಿ ಎಂಬ ಪ್ರಾಣಾಂತಿಕ ರೋಗ ಬರುತ್ತದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ 1,099 ಶಿಶುಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬ್ಯಾಕ್ಟೀರಿಯಾದ ಮೂರು ತಳಿಗಳ ಮಿಶ್ರಣ ಕೊಟ್ಟಾಗ ಈ ರೋಗದ ಪ್ರಮಾಣ ಶೇ 4.4ರಿಂದ ಶೇ 2ಕ್ಕೆ ಇಳಿದಿತ್ತು. ಆದರೆ ಇಂಗ್ಲೆಂಡಿನಲ್ಲಿ 1,315 ಶಿಶುಗಳ ಮೇಲೆ ಬೇರೊಂದು ತಳಿಯನ್ನು ಪ್ರಯೋಗಿಸಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ ಪ್ರಯೋಜನವೇ ಕಾಣಲಿಲ್ಲ. ಹೀಗಿರುವಾಗ ‘ಇದೂ ಅದೇ’ ಎನ್ನಲು ಹೇಗೆ ಸಾಧ್ಯ? ನಮ್ಮವರು ಹೆಮ್ಮೆಯಿಂದ ಉದಾಹರಿಸುವ ಒಡಿಶಾದ ಅಧ್ಯಯನ ನಿಜಕ್ಕೂ ದೊಡ್ಡದು. 4,500ಕ್ಕೂ ಹೆಚ್ಚು ಶಿಶುಗಳಿದ್ದ ಅದರಲ್ಲಿ ಸೋಂಕಿನ ನಂಜು ಮತ್ತು ಸಾವುಗಳ ಒಟ್ಟು ಪ್ರಮಾಣ ಗಣನೀಯವಾಗಿ ತಗ್ಗಿತು. ಆದರೆ ಅವೆಲ್ಲ 35 ವಾರ ದಾಟಿದ, ಎರಡು ಕಿಲೋಗೆ ಕಡಿಮೆಯಿಲ್ಲದ ಕೂಸುಗಳು. ನನ್ನ ಮೊಮ್ಮಗಳಂಥವರಿಗೆ ಆ ಫಲಿತಾಂಶವನ್ನು ನೇರವಾಗಿ ಅನ್ವಯಿಸಲಾಗದು.

ತಳಿ ಸರಿಯಿದ್ದ ಮಾತ್ರಕ್ಕೆ ಮುಗಿಯಿತೆನ್ನುವಂತೆಯೂ ಇಲ್ಲ. ಆಸ್ಟ್ರೇಲಿಯಾದಲ್ಲಿ ಗುಣ ತೋರಿಸಿದ್ದ ಪುಡಿಯದೇ ಒಂದು ಬ್ಯಾಚಿನಲ್ಲಿ ಬೂಷ್ಟು ಸೇರಿಕೊಂಡು, 2014ರಲ್ಲಿ ಅಮೆರಿಕದಲ್ಲಿ ಒಂದು ಅವಧಿಪೂರ್ವ ಶಿಶು ಶಿಲೀಂಧ್ರದ ಸೋಂಕಿನಿಂದ ತೀರಿಕೊಂಡಿತು; ಅಲ್ಲಿಯೂ ಅದು ಮಾರಾಟವಾಗುತ್ತಿದ್ದುದು ಆಹಾರ ಪೂರಕವಾಗಿಯೇ ಹೊರತು ಔಷಧವಾಗಿ ಅಲ್ಲ. 2023ರಲ್ಲಿ ಮತ್ತೊಂದು ಕೂಸಿನ ರಕ್ತದಲ್ಲಿ, ಅದಕ್ಕೆ ಕೊಟ್ಟಿದ್ದ ಪ್ರೋಬಯಾಟಿಕ್‌ನ ಬ್ಯಾಕ್ಟೀರಿಯಾವೇ ಪತ್ತೆಯಾಗಿ, ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ಆ ಎಚ್ಚರಿಕೆ ಅತಿಯಾಯಿತೆಂದು, ಪ್ರೋಬಯಾಟಿಕ್ ನಿಂತರೆ ಎನ್‌ಇಸಿ ಹೆಚ್ಚಬಹುದೆಂದು ಆಕ್ಷೇಪಿಸಿದ ತಜ್ಞರೂ ಇದ್ದಾರೆ. ಅವರ ಮಾತನ್ನೂ ತಳ್ಳಿಹಾಕಲಾಗದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ, 32 ವಾರಕ್ಕೆ ಮುನ್ನ ಹುಟ್ಟಿ ಎದೆಹಾಲು ಪಡೆಯುತ್ತಿರುವ ಶಿಶುಗಳಿಗೆ ಪ್ರೋಬಯಾಟಿಕ್ ಪರಿಗಣಿಸಬಹುದು ಎಂದಷ್ಟೇ, ಷರತ್ತಿನ ಮೇಲೆ ಹೇಳಿದೆ. ಎದೆಹಾಲು ಮತ್ತು ಎದೆಗಪ್ಪಿ ಬೆಚ್ಚಗಿಡುವ ಕಾಂಗರೂ ಆರೈಕೆಯ ಬಗ್ಗೆ ಅದಕ್ಕೆ ಇಂಥ ಹಿಂಜರಿಕೆಯಿಲ್ಲ.

ಆದ್ದರಿಂದ ನನ್ನ ಕೋರಿಕೆ ದೊಡ್ಡದೇನಲ್ಲ. ನವಜಾತ ಶಿಶು ಘಟಕಗಳು ಈ ಪುಡಿಯನ್ನು ಹೊರಗಿನಿಂದ ತರಿಸುವುದನ್ನು ನಿಲ್ಲಿಸಿ, ತಳಿಯ ಪೂರ್ಣ ಹೆಸರು ಮತ್ತು ಆಯಾ ಬ್ಯಾಚಿನ ಪರೀಕ್ಷಾ ವರದಿ ಇರುವ ಉತ್ಪನ್ನವನ್ನು ತಾವೇ ತಂಪಿನಲ್ಲಿ ದಾಸ್ತಾನು ಮಾಡಬೇಕು. ಲೇಬಲ್ಲಿನ ಮೇಲೆ ತಳಿಯನ್ನು ನಮೂದಿಸಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2011ರ ಮಾರ್ಗಸೂಚಿಯೇ ಹೇಳುತ್ತದೆ. ಕೊಡುವ ಮುನ್ನ ತಾಯ್ತಂದೆಯರಿಗೆ ಕನ್ನಡದಲ್ಲಿ ನಾಲ್ಕು ಮಾತು ವಿವರಿಸಲಿ, ಬ್ಯಾಚ್ ಸಂಖ್ಯೆ ಕೇಸ್ ಶೀಟಿಗೆ ಏರಲಿ. ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಇಷ್ಟೂ ಆಗುತ್ತದೆ.

ನಮ್ಮ ಕೂಸು ಈಗ ಚೆನ್ನಾಗಿದೆ, ಗೋಡೆ ಹಿಡಿದು ನಿಲ್ಲುತ್ತದೆ. ಮೊನ್ನೆ ಲಸಿಕೆಗೆ ಹೊರಟಾಗ ಅದರ ಡಿಸ್ಚಾರ್ಜ್ ಸಮ್ಮರಿ ತೆರೆದು ನೋಡಿದೆ. ಪ್ರತಿಜೈವಿಕಗಳ ಹೆಸರು, ಪ್ರಮಾಣ, ದಿನಾಂಕ ಎಲ್ಲವೂ ಇವೆ. ಆ ಪುಡಿಯ ಬಗ್ಗೆ ಇರುವುದು ‘ಪ್ರೋಬಯಾಟಿಕ್ ನೀಡಲಾಯಿತು’ ಎಂಬ ಒಂದೇ ಸಾಲು.

ಇತಿ,
ನಿವೃತ್ತ ವಿಜ್ಞಾನ ಶಿಕ್ಷಕ, ತುಮಕೂರು