ಏನಂತ ಹೇಳಿ ಕರ್ಕೊಂಡು ಬಂದ್ರು?

ಲೋ ಡಿಕಾಕ್ಷನ್,

ಫೋನ್ ಮಾಡಿದರೆ ನೀನು ನಗಿಸಿ ನಗಿಸಿ ಮಾತು ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣೋ ಹಾಗೆ ಯಾಕೆ ಅಂತ ಕೇಳಬೇಡ. ಇನ್‌ಬಾಕ್ಸ್‌ಗೆ ಹಾಕಿದ್ದರೆ ಮುಂದಿನ ಯುಗಾದಿಗೆ ಓದುತ್ತಿದ್ದೆ. ಇಲ್ಲಿ ಹಾಕಿದರೆ ನಾಲ್ಕು ಜನ ನಿನ್ನ ಬೆನ್ನು ಹತ್ತುತ್ತಾರೆ, ಓದಲೇಬೇಕಾಗುತ್ತದೆ. ಕುಕ್ಕರ್ ವಿಷಯ ಎತ್ತಲ್ಲ, ಮಾತು ಕೊಟ್ಟಿದ್ದೀನಿ.

ಹೋದ ಭಾನುವಾರ ನಿಮ್ಮ ಮನೆಯಲ್ಲಿ ನಾನು ಮತ್ತೆ ಅದೇ ಕಥೆ ಹೇಳಿದೆನಲ್ಲ, ಹಳೇ ಹಿಂದಿ ಸಿನಿಮಾ ನಟಿ ದೇವಿಕಾ ರಾಣಿ ಓಡಿಹೋದ ಕಥೆ. ನೀನು ಹತ್ತು ಸಲ ಕೇಳಿದ್ದೀಯ, ಆದರೂ ನಕ್ಕೆ, ಥ್ಯಾಂಕ್ಸ್. ಕಥೆ ನನ್ನ ಬಾಯಲ್ಲಿ ಹೀಗೆ ಬರುತ್ತದೆ: ಬಾಂಬೆ ಟಾಕೀಸ್ ಕಂಪನಿ, ಮಾಲೀಕ ಹಿಮಾಂಶು ರಾಯ್, ಅವನ ಹೆಂಡತಿಯೇ ಹೀರೋಯಿನ್ನು. 'ಜೀವನ್ ನೈಯಾ' ಶೂಟಿಂಗ್ ನಡುವೆ ಹೀರೋಯಿನ್ನು ಹೀರೋ ನಜ್ಮುಲ್ ಹಸನ್ ಜೊತೆ ಕಲ್ಕತ್ತಕ್ಕೆ ಪರಾರಿ. ಕಂಪನಿಯಲ್ಲಿ ಸೌಂಡ್ ಕೆಲಸ ಮಾಡುತ್ತಿದ್ದ ಶಶಧರ್ ಮುಖರ್ಜಿ ಹೋಗಿ ಆಕೆಯನ್ನು ವಾಪಸ್ ಕರೆದುಕೊಂಡು ಬರುತ್ತಾನೆ. ಹೀರೋಗೆ ಗೇಟ್‌ಪಾಸ್. ಈಗ ಹೀರೋ ಯಾರು? ಲ್ಯಾಬೊರೇಟರಿಯಲ್ಲಿ ಫಿಲಂ ತೊಳೆಯುತ್ತಿದ್ದ ಹುಡುಗನನ್ನು ಎಳೆದು ತಂದು ಕ್ಯಾಮೆರಾ ಮುಂದೆ ನಿಲ್ಲಿಸುತ್ತಾರೆ. ಆ ಹುಡುಗ ಅದೇ ಮುಖರ್ಜಿಯ ಹೆಂಡತಿಯ ಅಣ್ಣ. ಅವನೇ ಮುಂದೆ ದೊಡ್ಡ ಸ್ಟಾರ್ ಆದ ಅಶೋಕ್ ಕುಮಾರ್! ಇಲ್ಲಿ ನಾನು ಒಂದು ಗ್ಯಾಪ್ ಕೊಡುತ್ತೇನೆ, ಜನ 'ಓಹ್' ಅನ್ನುತ್ತಾರೆ. ಗ್ಯಾಪ್ ಎಲ್ಲಿ ಕೊಡಬೇಕು ಅಂತ ಹದಿನೈದು ವರ್ಷದಿಂದ ಪ್ರಾಕ್ಟೀಸ್ ಮಾಡಿದ್ದೀನಿ.

ಆ ದಿನವೂ ಎಲ್ಲರೂ 'ಓಹ್' ಅಂದರು. ನಿಮ್ಮಮ್ಮ ಅನ್ನಲಿಲ್ಲ. ಅವರು ಮೂಲೆಯಲ್ಲಿ ಅವರೆಕಾಳು ಹಿತುಕುತ್ತಾ ಕೂತಿದ್ದರು. ಒಂದು ಕಾಳು ಚಿಮ್ಮಿ ನನ್ನ ತಟ್ಟೆ ಪಕ್ಕ ಬಿತ್ತು, ಅದನ್ನು ಎತ್ತಿಕೊಳ್ಳುತ್ತಾ ಕೇಳಿದರು: "ಆ ಮುಖರ್ಜಿ ಅನ್ನೋನು ಅವಳಿಗೆ ಏನಂತ ಹೇಳಿ ಕರ್ಕೊಂಡು ಬಂದ?"

ನಾನು "ಮಾತಾಡಿ ಒಪ್ಪಿಸಿದ್ರು ಆಂಟಿ" ಅಂದೆ.

"ಅದೇ, ಏನಂತ ಮಾತಾಡಿದ?"

ಆಮೇಲೆ ಪಾಯಸ ಬಂತು, ಮಾತು ಎಲ್ಲೋ ಹೋಯಿತು. ನಿನಗೆ ನೆನಪೂ ಇರಲಿಕ್ಕಿಲ್ಲ. ನನಗೆ ಆವತ್ತಿಂದ ನಿದ್ದೆ ಸರಿಯಾಗಿ ಇಲ್ಲ ಕಣೋ. ಪಾಯಸ ಜಾಸ್ತಿ ಆಗಿದ್ದಕ್ಕಲ್ಲ.

ಕೂತು ಹುಡುಕಿದೆ. ಮೊದಲು ಗೊತ್ತಾಗಿದ್ದು, ಈ ಕಥೆಯಲ್ಲಿ ಆಕೆಯ ಬಗ್ಗೆ ನಾನು ಏನೂ ಹೇಳುತ್ತಲೇ ಇರಲಿಲ್ಲ ಅನ್ನುವುದು. ಆಕೆ ಹುಟ್ಟಿದ್ದು 1908ರಲ್ಲಿ, ವಿಶಾಖಪಟ್ಟಣದ ವಾಲ್ಟೇರ್‌ನಲ್ಲಿ. ಬಂಗಾಳಿ ಮನೆತನ, ಟ್ಯಾಗೋರರ ಸಂಬಂಧಿಕರು. ಅಪ್ಪ ಮದ್ರಾಸ್ ಪ್ರಾಂತ್ಯದ ಸರ್ಜನ್ ಜನರಲ್ ಆಗಿದ್ದವರು. ಒಂಬತ್ತನೇ ವಯಸ್ಸಿಗೇ ಇಂಗ್ಲೆಂಡಿನ ಹಾಸ್ಟೆಲ್. ಅಲ್ಲೇ ನಟನೆ, ಸಂಗೀತ, ಬಟ್ಟೆಗೆ ಡಿಸೈನ್ ಮಾಡುವುದು, ಎಲ್ಲಾ ಕಲಿತಿದ್ದು. 1929ರಲ್ಲಿ ಹಿಮಾಂಶು ರಾಯ್ ಜೊತೆ ಮದುವೆ. ಆಮೇಲೆ ಇಬ್ಬರೂ ಬರ್ಲಿನ್‌ಗೆ ಹೋಗಿ ಸಿನಿಮಾ ಕೆಲಸ ಕಲಿತರು. 1934ರಲ್ಲಿ ಮುಂಬೈನ ಮಲಾಡ್‌ನಲ್ಲಿ ಬಾಂಬೆ ಟಾಕೀಸ್ ಶುರುವಾಯಿತು, ಜರ್ಮನಿಯಿಂದ ಬಂದ ಡೈರೆಕ್ಟರ್ ಫ್ರಾಂಜ್ ಓಸ್ಟೆನ್, ಕ್ಯಾಮೆರಾಮನ್ ಜೋಸೆಫ್ ವಿರ್ಶಿಂಗ್. ಅಂದರೆ ಆಕೆ ಬರೀ ಮಾಲೀಕನ ಹೆಂಡತಿ ಅಲ್ಲ. ಆ ಕಂಪನಿ ಆಕೆ ಕಟ್ಟಿದ್ದೂ ಹೌದು. ನಾನು 'ಮಾಲೀಕನ ಹೆಂಡತಿ' ಅಂತ ಒಂದೇ ಮಾತಲ್ಲಿ ಮುಗಿಸುತ್ತಿದ್ದೆ, ಯಾಕೆಂದರೆ ಹಾಗೆ ಹೇಳಿದರೆ ಜೋಕು ಬೇಗ ಬರುತ್ತದೆ.

ಇನ್ನೊಂದು ಕೇಳು. ಬಾಂಬೆ ಟಾಕೀಸ್‌ನ ಮೊದಲ ಸಿನಿಮಾ 'ಜವಾನಿ ಕಿ ಹವಾ', 1935. ಅದರಲ್ಲಿ ಆಕೆಯ ಪಾತ್ರ ಮದುವೆ ದಿನವೇ ಪ್ರೀತಿಸಿದವನ ಜೊತೆ ರೈಲು ಹತ್ತಿ ಓಡಿಹೋಗುತ್ತದೆ. ಆ ಪ್ರೀತಿಸಿದವನು ನಜ್ಮುಲ್ ಹಸನ್ನೇ. ಪರದೆ ಮೇಲೆ ಓಡಿಹೋದಾಗ ಜನ ಟಿಕೆಟ್ ತಗೊಂಡು ನೋಡಿದರು.

ಸರಿ, ಮುಖರ್ಜಿ ಏನು ಹೇಳಿದ? ಇಬ್ಬರೂ ಬಂಗಾಳಿಗಳು, ಆಕೆ ಅವನನ್ನು ತಮ್ಮನ ಹಾಗೆ ನೋಡುತ್ತಿದ್ದಳು ಅಂತಾರೆ. ಅವರದೇ ಭಾಷೆಯಲ್ಲಿ ಮಾತಾಡಿ ಒಪ್ಪಿಸಿದನಂತೆ. ಇಷ್ಟೇ ಸಿಗುವುದು. ಈ ಕಥೆಯನ್ನು ರಸವತ್ತಾಗಿ ಬರೆದವನು ಉರ್ದು ಕಥೆಗಾರ ಮಂಟೋ. ಮಂಟೋ ಕೆಲಸ ಮಾಡಿದ್ದು ಫಿಲ್ಮಿಸ್ತಾನ್‌ನಲ್ಲಿ, ಅದು ಇದೇ ಮುಖರ್ಜಿ ಕಟ್ಟಿದ ಕಂಪನಿ! ಅವನ ಸ್ನೇಹಿತ ಅಶೋಕ್ ಕುಮಾರ್, ಮುಖರ್ಜಿಯ ಹೆಂಡತಿಯ ಅಣ್ಣ. ಅಂದರೆ ಕಥೆ ನಮಗೆ ಬಂದಿರುವುದು ಕರೆದುಕೊಂಡು ಬಂದವರ ಕಡೆಯಿಂದ. ಅಲ್ಲಿಂದ ನನ್ನ ಬಾಯಿಗೆ. ನನ್ನಿಂದ ನಿಮ್ಮನೆ ಪಾಯಸಕ್ಕೆ.

ಆಗ ಹಿಂದೂ ಮದುವೆಯಲ್ಲಿ ಡೈವೋರ್ಸ್ ಅನ್ನುವುದೇ ಹೆಚ್ಚುಕಡಿಮೆ ಇರಲಿಲ್ಲ ಮಾರಾಯ, ಆ ಕಾನೂನು ಬಂದಿದ್ದು 1955ರಲ್ಲಿ. ಗಂಡನ ಕಂಪನಿ ಬಿಟ್ಟರೆ ಆಕೆ ಕೆಲಸವನ್ನೂ ಬಿಟ್ಟ ಹಾಗೆ. ವಾಪಸ್ ಬರುವಾಗ ಆಕೆ ಇಟ್ಟ ಷರತ್ತು ಅಂತ ಹೇಳುವುದು ಒಂದೇ: ನನ್ನ ದುಡ್ಡು ಬೇರೆ, ಗಂಡನ ದುಡ್ಡು ಬೇರೆ. ಅವನು ಒಪ್ಪಿದನಂತೆ, ಮನೆ ಖರ್ಚು ಪೂರ್ತಿ ತಾನೇ ನೋಡಿಕೊಳ್ಳುವುದಕ್ಕೂ ಒಪ್ಪಿದನಂತೆ. ಬಂದಳು. ಮೇಕಪ್ ಹಾಕಿಕೊಂಡಳು. ಅದೇ ಸಿನಿಮಾ, ಹೊಸ ಹೀರೋ. ಆ ಹುಡುಗನಿಗೋ ಆಕೆಯ ಕೈ ಹಿಡಿಯುವುದಕ್ಕೇ ಭಯ. ಆ ವರ್ಷವೇ 'ಅಛೂತ್ ಕನ್ಯಾ' ಬಂತು, ದೇಶವೆಲ್ಲ ಆ ಜೋಡಿಯನ್ನು ಕೊಂಡಾಡಿತು. ಮುಂದಿನ ವರ್ಷ, 1937ರಲ್ಲಿ, ಆಕೆಗೆ ಕೊಟ್ಟ ಪಾತ್ರ ಯಾವುದು ಗೊತ್ತಾ? ಸಾವಿತ್ರಿ. ಯಮನ ಹಿಂದೆ ಹೋಗಿ ಗಂಡನ ಪ್ರಾಣ ತಂದವಳು. ಯಾರಾದರೂ ಬೇಕಂತಲೇ ಮಾಡಿದರೋ, ಸುಮ್ನೆ ಹಾಗೆ ಆಯಿತೋ. ಆ ಪಾತ್ರ ಮಾಡುವಾಗ ಸೆಟ್‌ನಲ್ಲಿ ಯಾರೂ ಆಕೆಯ ಮುಖ ನೋಡಿರಲಿಕ್ಕಿಲ್ಲ ಅಂತ ನನಗೆ ಅನಿಸುತ್ತದೆ.

ಈಗ ನಿನಗೆ ಹೇಳಬೇಕಾದ್ದು. ಇದನ್ನು ಬರೆಯಬಾರದು ಅಂದುಕೊಂಡೇ ಶುರು ಮಾಡಿದ್ದೆ.

ನಮ್ಮ ಚಿಕ್ಕಪ್ಪನ ಮಗಳು ಒಬ್ಬಳು ಇದ್ದಾಳಲ್ಲ, ನಿನಗೆ ಗೊತ್ತು, ಹೆಸರು ಬೇಡ. ಮದುವೆಯಾಗಿ ಎರಡು ವರ್ಷಕ್ಕೆ ಒಂದು ದಿನ ಬ್ಯಾಗ್ ತಗೊಂಡು ಗಂಡನ ಮನೆ ಬಿಟ್ಟು ಹೊರಟುಹೋದಳು. ಯಾರ ಜೊತೆಗೂ ಅಲ್ಲ. ಶಿವಮೊಗ್ಗದಲ್ಲಿ ಕಾಲೇಜಿನ ಗೆಳತಿಯ ರೂಮಿಗೆ. ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು, ನನ್ನ ಮಾತು ಅಂದರೆ ಅವಳಿಗೆ ವೇದವಾಕ್ಯ ಅಂತ. ರಾತ್ರಿ ಬಸ್ ಹತ್ತಿದೆ. ಬೆಳಿಗ್ಗೆ ಆರಕ್ಕೆ ಬಾಗಿಲು ತಟ್ಟಿದೆ. ಹತ್ತು ಗಂಟೆ ಬಸ್ಸಿಗೆ ಅವಳ ಜೊತೆ ವಾಪಸ್. ನಾಲ್ಕೇ ಗಂಟೆ! ಇದನ್ನು ನಾನು ನಿನಗೆ ಎಷ್ಟು ಜಂಭದಿಂದ ಹೇಳಿದ್ದೆ ನೆನಪಿದೆಯಾ? 'ಮಾತಾಡಿ ಒಪ್ಪಿಸಿದೆ' ಅಂದಿದ್ದೆ. ನೀನೂ ಕೇಳಲಿಲ್ಲ, ಏನಂತ ಮಾತಾಡಿದೆ ಅಂತ.

ನಿಮ್ಮಪ್ಪ ಆಸ್ಪತ್ರೆಯಲ್ಲಿದ್ದಾರೆ ಅಂದೆ. ಅಷ್ಟೇ ಹೇಳಿದ್ದು. ಚಿಕ್ಕಪ್ಪ ಮನೆಯಲ್ಲೇ ಇದ್ದರು, ಚೆನ್ನಾಗೇ ಇದ್ದರು. ಸುಳ್ಳು ಹೇಳಿಕೊಟ್ಟವರು ಯಾರೂ ಇಲ್ಲ, ನನ್ನದೇ ಐಡಿಯಾ. ಅವಳಿಗೆ ಯಾಕೆ ಬಿಟ್ಟು ಬಂದೆ ಅಂತ ನಾನು ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಳು. ಕಡೂರು ದಾಟುವ ತನಕ ಮಾತಿಲ್ಲ. ಒಂದು ಕಿತ್ತಳೆ ಸುಲಿದು ಅರ್ಧ ನನಗೆ ಕೊಟ್ಟು, "ನನ್ನ ಸಂಬಳದ ಎಟಿಎಂ ಕಾರ್ಡ್ ಅವರ ಹತ್ರ ಇದೆ, ಅದೊಂದು ಕೊಡಿಸ್ತೀಯಾ?" ಅಂದಳು. ಕೊಡಿಸಿದೆ. ಅದನ್ನೂ ನನ್ನ ಸಾಧನೆಗೆ ಸೇರಿಸಿಕೊಂಡೆ.

ಸಂಜೆ ಮನೆ ತಲುಪಿದಾಗ ಬಾಗಿಲು ತೆಗೆದವರು ಚಿಕ್ಕಪ್ಪನೇ. ಬನಿಯನ್ ಹಾಕಿಕೊಂಡು, ಕೈಯಲ್ಲಿ ಪೇಪರ್ ಹಿಡಿದು. ಅವಳು ಅವರನ್ನು ನೋಡಿದಳು. ನನ್ನನ್ನು ನೋಡಿದಳು. "ಕಾಫಿ ಕುಡೀತೀಯಾ?" ಅಂತ ನನ್ನನ್ನು ಕೇಳಿ ಒಳಗೆ ಹೋದಳು. ಕಾಫಿ ಕುಡಿದೆ ಕಣೋ. ಸಕ್ಕರೆ ಸರಿಯಾಗಿತ್ತು.

ಚಿಕ್ಕಪ್ಪ ಖುಷಿಗೆ ಒಂದು ಶರ್ಟ್‌ಪೀಸ್ ಕೊಟ್ಟರು. ನಿನ್ನ ಮದುವೆ ಆಲ್ಬಂನಲ್ಲಿ ನಾನು ಹಾಕಿರುವ ಆ ನವಿಲು ನೀಲಿ ಶರ್ಟು, 'ಬ್ಯಾಂಡ್‌ಸೆಟ್ಟಿನವನು' ಅಂತ ನೀನು ವರ್ಷಗಟ್ಟಲೆ ಆಡಿಕೊಂಡೆಯಲ್ಲ, ಅದೇ.

ಈಗ ಚೆನ್ನಾಗಿದ್ದಾಳೆ. ಮಗ ಎಸ್ಸೆಸ್ಸೆಲ್ಸಿ. ಸ್ಟೇಟಸ್‌ನಲ್ಲಿ ರಂಗೋಲಿ ಹಾಕುತ್ತಾಳೆ. ಚೆನ್ನಾಗಿದ್ದಾಳೆ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಮತ್ತೆ ನೋಡು, ಅವಳ ಕಥೆಯನ್ನು ಅವಳನ್ನು ಕೇಳದೆ ಇಲ್ಲಿ ಹಾಕುತ್ತಿದ್ದೇನೆ. ಅವಳು ಈ ಕಡೆ ಬರುವುದಿಲ್ಲ ಅನ್ನುವ ಧೈರ್ಯ. ಬುದ್ಧಿ ಬಂದಿದೆ ಅಂತ ಹೇಗೆ ಹೇಳಲಿ?

ಸಾಕು ಬಿಡು. ಜಾಸ್ತಿ ಆಯಿತು. ಪತ್ರ ಬರೆಯೋಕೆ ಕೂತರೆ ನಾನು ಧಾರಾವಾಹಿ ಹೀರೋ ಆಗಿಬಿಡುತ್ತೇನೆ, ಕ್ಯಾಮೆರಾ ಮೂರು ಸಲ ಮುಖಕ್ಕೆ ಝೂಮ್ ಆಗುವುದೊಂದು ಬಾಕಿ.

ದೇವಿಕಾ ರಾಣಿಯ ಕಥೆ ಅಲ್ಲಿಗೇ ನಿಲ್ಲಲಿಲ್ಲ, ಅದನ್ನಾದರೂ ಹೇಳಿ ಮುಗಿಸುತ್ತೇನೆ. 1940ರಲ್ಲಿ ಹಿಮಾಂಶು ರಾಯ್ ತೀರಿಕೊಂಡ. ಸ್ಟುಡಿಯೋ ಆಕೆಯೇ ನಡೆಸಿದಳು. ಕರೆತಂದ ಮುಖರ್ಜಿಯೇ ಆಮೇಲೆ ಎದುರಾಳಿಯಾದ, 1943ರಲ್ಲಿ ಅಶೋಕ್ ಕುಮಾರ್‌ನನ್ನೂ ಕರೆದುಕೊಂಡು ಹೊರಗೆ ಹೋಗಿ ಫಿಲ್ಮಿಸ್ತಾನ್ ಕಟ್ಟಿದ. ಆಕೆ ಯೂಸುಫ್ ಖಾನ್ ಅನ್ನುವ ಹುಡುಗನನ್ನು ಕೆಲಸಕ್ಕೆ ತಗೊಂಡು ದಿಲೀಪ್ ಕುಮಾರ್ ಅಂತ ಹೆಸರಿಟ್ಟಳು. 1945ರಲ್ಲಿ ಷೇರು ಮಾರಿ, ರಷ್ಯದ ಚಿತ್ರಕಾರ ಸ್ವೆತೊಸ್ಲಾವ್ ರೋರಿಚ್‌ನನ್ನು ಮದುವೆಯಾಗಿ ಸಿನಿಮಾ ಬಿಟ್ಟೇಬಿಟ್ಟಳು. ಆಗ ಮೂವತ್ತೇಳು. ಈ ಸಲ ಹಿಂದೆ ಹೋಗಿ ಕರೆತರಲು ಯಾರೂ ಇರಲಿಲ್ಲ. ಮೊಟ್ಟಮೊದಲ ಫಾಲ್ಕೆ ಪ್ರಶಸ್ತಿ ಕೊಟ್ಟಾಗಲೂ ಆಕೆ ನಮ್ಮ ಬೆಂಗಳೂರಿನವಳೇ, ಸತ್ತಿದ್ದೂ ಇಲ್ಲೇ, 1994ರ ಮಾರ್ಚ್‌ನಲ್ಲಿ.

ನಾನು ಕನಕಪುರ ರಸ್ತೆಯಲ್ಲಿ ಓಡಾಡುವುದು ಎಷ್ಟು ವರ್ಷದಿಂದ! ಮೆಟ್ರೋ ಮುಗಿಯುವ ರೇಷ್ಮೆ ಸಂಸ್ಥೆ ಸ್ಟಾಪ್ ಆದಮೇಲೆ ತಾತಗುಣಿ ಬರುತ್ತದಲ್ಲ, ಅಲ್ಲೇ ಆಕೆ ಮತ್ತು ರೋರಿಚ್‌ರ ಎಸ್ಟೇಟ್. ನಾನೂರೈವತ್ತು ಎಕರೆಗೂ ಜಾಸ್ತಿ. ಸುಗಂಧದೆಣ್ಣೆ ತೆಗೆಯುವ ಲಿನಲೋ ಗಿಡ ಹಾಕಿದ್ದರು. ಮಕ್ಕಳಿರಲಿಲ್ಲ. ಇಬ್ಬರೂ ಹೋದಮೇಲೆ ಆಸ್ತಿಗೆ ಕೋರ್ಟು ಕಚೇರಿ, 2011ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ್ದೇ ಅಂತ ಹೇಳುವ ತನಕ. ನಿನ್ನೆ ಅಲ್ಲೇ ಟ್ರಾಫಿಕ್‌ನಲ್ಲಿ ಇಪ್ಪತ್ತು ನಿಮಿಷ ನಿಂತಿದ್ದೆ. ಕಾರಿನ ಕಿಟಕಿ ಇಳಿಸಿ ಲಿನಲೋ ವಾಸನೆ ಬರುತ್ತಾ ಅಂತ ಮೂಗು ಚಾಚಿದೆ. ಪಕ್ಕದ ಟೆಂಪೋದಿಂದ ಕೋಳಿ ವಾಸನೆ ಬಂತು. ಟೆಂಪೋದವನು "ಏನ್ ಸಾರ್?" ಅಂದ. ಏನಿಲ್ಲ ಅಂದೆ.

ನಿಮ್ಮಮ್ಮನಿಗೆ ಹೇಳು, ಭಾನುವಾರ ಬರುತ್ತೇನೆ, ಎರಡು ಕೇಜಿ ಸೊಗಡವರೆ ತರುತ್ತೇನೆ, ನಾನೇ ಕೂತು ಹಿತುಕುತ್ತೇನೆ. ಕಥೆ ಹೇಳಲ್ಲ ಅಂತಲೂ ಹೇಳು. ಕೇಳಿದರೆ, ಉತ್ತರ ಸಿಕ್ಕಿಲ್ಲ ಅನ್ನು. ಈ ಪತ್ರ ಮಾತ್ರ ತೋರಿಸಬೇಡ.

ಇಂತಿ ನಿನ್ನ,
ಬ್ಯಾಂಡ್‌ಸೆಟ್ಟಿನವನು