ಆ ಸಿಡಿ ಬಿಸಾಡಬೇಡ

ಸಿಯಾಟಲ್
ಭಾನುವಾರ ರಾತ್ರಿ

ಅಕ್ಕ,

ಬೀರು ಕ್ಲೀನ್ ಮಾಡುವಾಗ ಸಿಕ್ಕಿತು ಅಂತ ನೀನು ಕಳಿಸಿದ ಆ ಹಳೆ ಸಿಡಿಯ ಫೋಟೋ ನೋಡಿದೆ. ಕೆಳಗೆ 'ಬಿಸಾಡಲಾ?' ಅಂತ ಒಂದೇ ಪದ, ಜೊತೆಗೆ ಹಲ್ಲು ಕಿರಿಯುವ ಮುಖ ಬೇರೆ. ಬಿಸಾಡಬೇಡ. ಅಷ್ಟು ಹೇಳಿ ಸುಮ್ಮನಾಗಬಹುದಿತ್ತು, ಆದರೆ ನೀನು ಯಾಕೆ ಅಂತ ಕೇಳದೆ ಬಿಡುವವಳಲ್ಲ. ಫೋನಿನಲ್ಲಿ ಇದನ್ನೆಲ್ಲ ಹೇಳೋಕೆ ನನಗೆ ಬರುವುದಿಲ್ಲ. ಇಲ್ಲಿ ರಾತ್ರಿ 10.30 ಆದಾಗ ಅಲ್ಲಿ ಬೆಳಿಗ್ಗೆ 11, ನಿನಗೆ ಕೆಲಸದ ಅವಸರ, ನನಗೆ ಕಣ್ಣು ಎಳೆಯುತ್ತಿರುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಸಿಡಿಯ ಮೇಲೆ ಮಾರ್ಕರ್‌ನಲ್ಲಿ 'ಮುಟ್ಟಬೇಡ' ಅಂತ ಬರೆದದ್ದು ನಿನಗೇ. ಬೇರೆ ಯಾರು ಮುಟ್ಟುತ್ತಿದ್ದರು ಹೇಳು? ನಮ್ಮ ರೂಮಿನ ಕಂಪ್ಯೂಟರಿಗೆ ಇಬ್ಬರೇ ವಾರಸುದಾರರು. 2005ರಲ್ಲಿ ಕಾಲೇಜಿನ ಗೆಳೆಯನೊಬ್ಬ ಕಾಪಿ ಮಾಡಿಕೊಟ್ಟದ್ದು ಅದು. ಡೆತ್ ಕ್ಯಾಬ್ ಫಾರ್ ಕ್ಯೂಟಿ ಅನ್ನುವ ಬ್ಯಾಂಡು, ಟ್ರಾನ್ಸ್‌ಅಟ್ಲಾಂಟಿಸಿಸಮ್ ಅನ್ನುವ ಆಲ್ಬಮ್. ಹೆಸರು ಕೇಳಿ ನೀನು ಅರ್ಧ ಗಂಟೆ ನಕ್ಕಿದ್ದೆ. ಅಮ್ಮ ಬಾಗಿಲ ಹತ್ತಿರ ನಿಂತು 'ಯಾಕೋ ಆ ಹುಡುಗ ಹಾಗೆ ಅಳುತ್ತಾನೆ, ಏನಾಗಿದೆ ಅವನಿಗೆ?' ಅಂತ ಕೇಳಿದ್ದಳು. ಅಮ್ಮನ ಪ್ರಶ್ನೆ ಸರಿಯಾಗೇ ಇತ್ತು. ಅವನಿಗೆ ಏನಾಗಿದೆ ಅಂತಲೇ ಆ ಆಲ್ಬಮ್ ಇರೋದು.

ಈಗ ನಿನಗೆ ಗೊತ್ತಿಲ್ಲದ ವಿಷಯ ಹೇಳುತ್ತೇನೆ. ಆ ಸಿಡಿಯಲ್ಲಿ ಹಾಡುಗಳ ಕ್ರಮ ತಪ್ಪು. ಗೆಳೆಯ ಫೈಲುಗಳ ಹೆಸರಿಗೆ ನಂಬರ್ ಹಾಕಿರಲಿಲ್ಲ, ಹಾಗಾಗಿ ಕಂಪ್ಯೂಟರಿನಲ್ಲಿ ಹಾಡು ಕೇಳುವ ವಿನ್ಯಾಂಪ್‌ನಲ್ಲಿ ಎಬಿಸಿಡಿ ಪ್ರಕಾರ ಸಾಲಾಗಿ ನಿಂತುಬಿಟ್ಟವು. 11 ಹಾಡು. ಕೊನೆಯಲ್ಲಿ ಬರಬೇಕಾದ 'ಎ ಲ್ಯಾಕ್ ಆಫ್ ಕಲರ್' ಮೊದಲು ಬರುತ್ತಿತ್ತು, ಯಾಕೆಂದರೆ ಅದರ ಹೆಸರು 'ಎ' ಇಂದ ಶುರು. ಮೊದಲನೆಯದಾಗಬೇಕಿದ್ದ 'ದ ನ್ಯೂ ಇಯರ್' ಆರನೆಯದು. ನನಗೆ ಇದು ಎಷ್ಟೋ ವರ್ಷ ಗೊತ್ತೇ ಇರಲಿಲ್ಲ.

ಗೊತ್ತಾದರೂ ಏನೂ ಅನ್ನಿಸುತ್ತಿರಲಿಲ್ಲವೇನೋ, ಆದರೆ ಕೇಳು. 'ಎ ಲ್ಯಾಕ್ ಆಫ್ ಕಲರ್' ಹೆಚ್ಚುಕಡಿಮೆ ಬರೀ ಒಂದು ಗಿಟಾರು, ಒಂದು ಗಂಟಲು. ಅವನು 7 ಗಂಟೆ 3 ನಿಮಿಷಕ್ಕೆ ಅವಳಿಗೆ ಫೋನ್ ಮಾಡುತ್ತಾನೆ, ಅವಳು ಎತ್ತುವುದಿಲ್ಲ, ಆನ್ಸರಿಂಗ್ ಮೆಷಿನ್‌ಗೆ ತೊದಲುತ್ತಾ ಮನೆಗೆ ಬಾ ಅಂತ ಬೇಡಿಕೊಳ್ಳುತ್ತಾನೆ. ತಡವಾಗಿದೆ ಅಂತ ಅವನಿಗೇ ಗೊತ್ತು. ನನ್ನ ಸಿಡಿಯಲ್ಲಿ ಕಥೆ ಇಲ್ಲಿಂದ ಶುರು. ಕೊನೆಗೆ ಬರುವುದು 'ವಿ ಲುಕ್ಡ್ ಲೈಕ್ ಜೈಂಟ್ಸ್', ಡ್ರಮ್ಮು ಗೋಡೆ ಒಡೆಯುವ ಹಾಗೆ ಬಾರಿಸುವ ಹಾಡು. ಅದರಲ್ಲಿ ಆ ಹುಡುಗ ಇನ್ನೂ ಚಿಕ್ಕವನು, ಪ್ರತಿ ಗುರುವಾರ ಬೆಟ್ಟದ ದಾರಿ ದಾಟಿ ಅವಳನ್ನು ನೋಡಲು ಹೋಗುತ್ತಾನೆ. ಅಂದರೆ ನಾನು ಕೇಳಿದ ಕಥೆ ಹಿಂದಕ್ಕೆ ಓಡುತ್ತಿತ್ತು. ಎಲ್ಲ ಮುಗಿದ ಮೇಲಿನ ಫೋನ್ ಕರೆಯಿಂದ ಶುರುವಾಗಿ, ಇನ್ನೂ ಏನೂ ಕೆಟ್ಟಿರದ ಗುರುವಾರಕ್ಕೆ ಹೋಗಿ ನಿಲ್ಲುತ್ತಿತ್ತು. ಎಬಿಸಿಡಿಗೆ ಅಷ್ಟು ತಲೆ ಇದೆ ಅಂತ ಯಾರಿಗೆ ಗೊತ್ತಿತ್ತು.

ಇಲ್ಲಿಗೆ ಬಂದ ಮೊದಲ ವರ್ಷ ಸೆಕೆಂಡ್ ಹ್ಯಾಂಡ್ ಅಂಗಡಿಯೊಂದರಲ್ಲಿ ನಿಜವಾದ ಸಿಡಿ ಸಿಕ್ಕಿತು. ಮುಖಪುಟದಲ್ಲಿ ಕೆಂಪು ದಾರಕ್ಕೆ ಸಿಕ್ಕಿಕೊಂಡ ಕಾಗೆ. ಅದನ್ನು ಹಾಕಿ ಕೇಳಿದಾಗ ನಿಜ ಹೇಳಬೇಕೆಂದರೆ ಸಿಟ್ಟೇ ಬಂತು. ಯಾರೋ ನನ್ನ ರೂಮಿನ ಮಂಚ, ಮೇಜು ಎಲ್ಲ ಜಾಗ ಬದಲಿಸಿಟ್ಟ ಹಾಗೆ. ಆದರೆ ಆರನೆಯ ಹಾಡು ಮುಗಿಯುವ ಹೊತ್ತಿಗೆ ಎದ್ದು ಕೂತೆ. ನನ್ನ ಕಾಪಿಯಲ್ಲಿ 'ಟೈನಿ ವೆಸೆಲ್ಸ್' ಕೊನೆಯಲ್ಲಿ ಟಕ್ ಅಂತ ನಿಲ್ಲುತ್ತಿತ್ತು, ಮಾತಾಡುತ್ತಿದ್ದವನ ಬಾಯಿಗೆ ಕೈ ಇಟ್ಟ ಹಾಗೆ. ಫೈಲು ಅರ್ಧಕ್ಕೆ ಕಟ್ ಆಗಿದೆ ಅಂತಲೇ ಅಂದುಕೊಂಡಿದ್ದೆ. ಅದು ಕಟ್ ಆಗಿರಲಿಲ್ಲ. ಆ ಹಾಡು ನಿಲ್ಲದೇ ಮುಂದಿನ ಹಾಡಿನೊಳಗೆ ಇಳಿಯುತ್ತದೆ, ಆ ಮುಂದಿನ ಹಾಡೇ ಆಲ್ಬಮ್‌ನ ಹೆಸರಿನದು. ನನ್ನ ಸಿಡಿಯಲ್ಲಿ ಇವೆರಡರ ಮಧ್ಯೆ ಇನ್ನೊಂದು ಹಾಡು ಬಂದು ಕೂತಿತ್ತು.

ಆ ಹೆಸರಿನ ಹಾಡು ಹತ್ತಿರ ಹತ್ತಿರ 8 ನಿಮಿಷ. ಮೊದಲಿಗೆ ಪಿಯಾನೋ, ಹಿಂದೆ ಗಡಿಯಾರದ ಹಾಗೆ ಒಂದು ಸಣ್ಣ ಸದ್ದು, ಮತ್ತೇನೂ ಇಲ್ಲ. ಆಕಾಶ ತೆರೆದು ಮಳೆ ಸುರಿದು ಎಲ್ಲೆಲ್ಲಿ ಗುಂಡಿ ಇತ್ತೋ ಅಲ್ಲೆಲ್ಲ ತುಂಬಿ ಅಟ್ಲಾಂಟಿಕ್ ಸಾಗರ ಹುಟ್ಟಿತು ಅಂತ ಹೇಳುತ್ತಾನೆ. ಉಳಿದವರು ಅದನ್ನು ನೋಡಿ ಖುಷಿಪಟ್ಟು ದೋಣಿ ಹತ್ತುತ್ತಾರೆ. ಇವನಿಗೆ ಮಾತ್ರ ಅವಳ ಮನೆ ದೂರವಾಯಿತು ಅನ್ನುವುದೊಂದೇ ಕಾಣುತ್ತದೆ. ಆಮೇಲೆ ಒಂದೇ ಸಾಲು. ನೀನು ಇನ್ನೂ ಹತ್ತಿರ ಬೇಕು ಅನ್ನುವ ಅರ್ಥದ ಸಾಲು, ಮತ್ತೆ ಮತ್ತೆ ಅದೇ. ಗಿಟಾರು ಒಂದೊಂದೇ ಪದರ ಬಂದು ಸೇರುತ್ತದೆ, ಡ್ರಮ್ಮು ಏರುತ್ತದೆ, ಕೊನೆಗೆ ಬೇರೆ ದನಿಗಳೂ ಸೇರಿ ಬಾ ಬಾ ಅಂತ ಕರೆಯುತ್ತವೆ. ಕವಿತೆ ಅಂತ ನೋಡಿದರೆ ಅಂಥ ದೊಡ್ಡದೇನೂ ಅಲ್ಲ. ಐದನೇ ಸಲ ಅದೇ ಸಾಲು ಬಂದಾಗ ಬೇಜಾರಾಗಬೇಕು, ಆಗುವುದಿಲ್ಲ. ಹತ್ತನೇ ಸಲಕ್ಕೆ ಗಂಟಲು ಕಟ್ಟುತ್ತದೆ. ಯಾಕೆ ಅಂತ ಇಷ್ಟು ವರ್ಷವಾದರೂ ಬಿಡಿಸಿ ಹೇಳಲಾರೆ.

(ನಿನ್ನ ತಲೆಯಲ್ಲಿ ಈಗ ಏನು ಓಡುತ್ತಿದೆ ಅಂತ ಗೊತ್ತು. ಹೌದು, ಸಿಯಾಟಲ್ ಇರುವುದು ಪೆಸಿಫಿಕ್ ಕಡೆ. ಆದರೆ ಯುರೋಪ್ ಮೇಲೆ ಬರುವ ವಿಮಾನದ ಟಿಕೆಟ್ ತೆಗೆದರೆ ಅಟ್ಲಾಂಟಿಕ್ಕೇ ದಾಟಬೇಕು. ನಾನು ಯಾವಾಗಲೂ ಅದನ್ನೇ ತೆಗೆಯುತ್ತೇನೆ.)

ಇನ್ನೊಂದು ಹಾಡಿದೆ, 'ಟೈಟಲ್ ಅಂಡ್ ರಿಜಿಸ್ಟ್ರೇಷನ್'. ಕಾರಿನ ಮುಂದಿನ ಡಬ್ಬಿಗೆ ಇವರು ಗ್ಲವ್ ಕಂಪಾರ್ಟ್‌ಮೆಂಟ್ ಅನ್ನುತ್ತಾರಲ್ಲ, ಆ ಹೆಸರು ಸರಿಯಿಲ್ಲ ಅನ್ನುವುದರಿಂದ ಹಾಡು ಶುರು. ಹೊರಗೆ ಮಳೆ, ಕಾರಿನ ಕಾಗದ ಹುಡುಕಲು ಕೈ ಹಾಕುತ್ತಾನೆ, ಮರೆಯಬೇಕೆಂದಿದ್ದ ಹಳೆ ಫೋಟೋಗಳು ಸಿಗುತ್ತವೆ. ಕಳೆದ ತಿಂಗಳು ಮಳೆಯಲ್ಲಿ ಕಾರು ನಿಲ್ಲಿಸಿ ನಾನೂ ರಿಜಿಸ್ಟ್ರೇಷನ್ ಕಾಗದ ಹುಡುಕುತ್ತಿದ್ದೆ. ಒಂದು ಕ್ಷಣ ಏನಾದರೂ ಸಿಗಬಹುದು ಅಂತ ಆಸೆಯಾಯಿತು. ಮೂರು ಕೆಚಪ್ ಪ್ಯಾಕೆಟ್ ಸಿಕ್ಕಿದವು, ಒಂದು ಒಡೆದಿತ್ತು. ಕಾಗದಕ್ಕೆಲ್ಲ ಮೆತ್ತಿಕೊಂಡಿತ್ತು.

ಬ್ಯಾಂಡು 1997ರಲ್ಲಿ ಶುರುವಾದದ್ದು ಇಲ್ಲಿಂದ ಒಂದೂವರೆ ಗಂಟೆ ದಾರಿಯ ಬೆಲ್ಲಿಂಗ್‌ಹ್ಯಾಮ್‌ನಲ್ಲಿ. ಒಂದು ಸಲ ಸುಮ್ನೆ ಹೋಗಿ ಬಂದೆ. ಹಾಡುಗಾರ ಬೆನ್ ಗಿಬ್ಬರ್ಡ್ ಅಲ್ಲಿನ ಯೂನಿವರ್ಸಿಟಿಯಲ್ಲಿ ಪರಿಸರ ರಸಾಯನಶಾಸ್ತ್ರ ಓದಿದವನು. ಆಲ್ಬಮ್ ಬಂದದ್ದು 2003ರ ಅಕ್ಟೋಬರ್ 7ಕ್ಕೆ, ಸಿಯಾಟಲ್‌ನ ಬಾರ್ಸುಕ್ ಅನ್ನುವ ಸಣ್ಣ ಕಂಪನಿಯಿಂದ. ಆಗ ಗಿಟಾರ್ ನುಡಿಸುತ್ತಿದ್ದ ಕ್ರಿಸ್ ವಾಲಾನೇ ಪ್ರೊಡ್ಯೂಸರ್. ಮರುವರ್ಷ ದೊಡ್ಡ ಕಂಪನಿಗೆ ಸಹಿ ಹಾಕಿದರು, ಅದರ ಹೆಸರೇನು ಗೊತ್ತಾ? ಅಟ್ಲಾಂಟಿಕ್! ಅದೇ 2003ರಲ್ಲಿ ಗಿಬ್ಬರ್ಡ್ ಇನ್ನೊಂದು ಆಲ್ಬಮ್‌ನಲ್ಲೂ ಹಾಡಿದ್ದ. ಬೇರೆ ಊರಿನ ಸಂಗೀತಗಾರ ಟ್ಯೂನ್ ರೆಕಾರ್ಡ್ ಮಾಡಿ ಅಂಚೆಯಲ್ಲಿ ಕಳಿಸುವುದು, ಇವನು ಅದಕ್ಕೆ ಹಾಡು ಸೇರಿಸಿ ವಾಪಸ್ ಕಳಿಸುವುದು. ಅದಕ್ಕೇ ಆ ಗುಂಪಿನ ಹೆಸರು ಪೋಸ್ಟಲ್ ಸರ್ವೀಸ್.

20 ವರ್ಷ ತುಂಬಿದ್ದಕ್ಕೆ 2023ರಲ್ಲಿ ಎರಡೂ ಆಲ್ಬಮ್‌ಗಳನ್ನು ಒಂದೇ ರಾತ್ರಿ ಪೂರ್ತಿ ನುಡಿಸುತ್ತಾ ಊರೂರು ಸುತ್ತಿದರು. ಸಿಯಾಟಲ್‌ಗೆ ಬಂದಾಗ ನಾನೂ ಹೋದೆ, ಒಬ್ಬನೇ. ಸುತ್ತ ಎಲ್ಲರಿಗೂ ನನ್ನದೇ ವಯಸ್ಸು, ಕೆಲವರ ತಲೆ ನನ್ನದಕ್ಕಿಂತ ಜಾಸ್ತಿ ಬೋಳು. ಆ 8 ನಿಮಿಷದ ದೊಡ್ಡ ಹಾಡಿಗೆ ಸ್ಟೇಡಿಯಂ ಪೂರ್ತಿ ದನಿಗೂಡಿಸಿತು. ನಾನು ಅಳಲಿಲ್ಲ. ಅಳು ಬಂದದ್ದು ಮುಂದಿನ ಹಾಡಿಗೆ, 'ಪ್ಯಾಸೆಂಜರ್ ಸೀಟ್'.

ಅದು ಯಾಕೆ ಅಂದರೆ, ನಮ್ಮ ಸಿಡಿಯಲ್ಲಿ ಅದು ಐದನೆಯ ಹಾಡು, ಮಧ್ಯದಲ್ಲಿ ಒಂದು ಕಡೆ ಸಿಕ್ಕಿಕೊಳ್ಳುತ್ತಿತ್ತು. ಗೀರು ಬಿದ್ದದ್ದು ನಿನ್ನಿಂದ. ಕವರ್ ಇಲ್ಲದೆ ಡಿಕ್ಷನರಿ ಕೆಳಗೆ ಇಟ್ಟಿದ್ದೆ, ನಾನು ಎರಡು ದಿನ ಮಾತು ಬಿಟ್ಟಿದ್ದೆ, ನೆನಪಿದೆಯಾ? ಆಮೇಲೆ ಒಂದು ಇಯರ್‌ಫೋನ್ ನಿನ್ನ ಕಿವಿಗೆ, ಒಂದು ನನ್ನ ಕಿವಿಗೆ. ಆ ಜಾಗ ಬಂದ ಕೂಡಲೇ ನೀನು 'ಟ, ಟ, ಟ, ಟ' ಅಂತ ಅದರ ಜೊತೆಗೇ ಅಣಕಿಸುತ್ತಿದ್ದೆ. ನೀನು ಮದುವೆಯಾಗಿ ಹೋದ ಮೇಲೆ ಎರಡೂ ಕಿವಿಗೆ ನಾನೇ ಹಾಕಿಕೊಂಡು ಕೇಳಿದೆ, ಆ ಜಾಗದಲ್ಲಿ ಎದ್ದು ಮುಂದಕ್ಕೆ ಒತ್ತುತ್ತಿದ್ದೆ. ಸ್ಟೇಡಿಯಂನಲ್ಲಿ ಆ ಜಾಗ ಬಂತು. ನಾನು ಕಾಯುತ್ತಿದ್ದೆ. ಅವನು ತಡವರಿಸದೆ ಮುಂದಕ್ಕೆ ಹಾಡಿಕೊಂಡು ಹೋದ. ಪಕ್ಕದಲ್ಲಿದ್ದ ಹೆಂಗಸು ನನಗೆ ಟಿಶ್ಯೂ ಕೊಟ್ಟಳು.

ಈಗ ಯಾವ ಹೊತ್ತಿಗೆ ಬೇಕಾದರೂ ಫೋನಿನಲ್ಲಿ ಚೊಕ್ಕವಾಗಿ, ಸರಿಯಾದ ಕ್ರಮದಲ್ಲಿ ಕೇಳಬಹುದು. ಕೇಳುತ್ತೇನೆ ಕೂಡ, ವಾರಕ್ಕೊಮ್ಮೆಯಾದರೂ. ಆದರೆ ಹಿಂದಕ್ಕೆ ಓಡುವ ಕಥೆ ಇರುವುದು ನಿನ್ನ ಕೈಲಿರುವ ಅದೊಂದರಲ್ಲಿ ಮಾತ್ರ.

ಭಾವನ ಹಳೆ ಲ್ಯಾಪ್‌ಟಾಪ್‌ನಲ್ಲಿ ಸಿಡಿ ಡ್ರೈವ್ ಇತ್ತು ಅಲ್ವಾ? ಇದ್ದರೆ ಒಂದು ಸಲ ಹಾಕಿ ನೋಡು. ಐದನೆಯದು ಸಿಕ್ಕಿಕೊಂಡರೆ ಮುಂದಕ್ಕೆ ಒತ್ತಬೇಡ, ಹಾಗೇ ಬಿಟ್ಟು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸು. ಅಮ್ಮನಿಗೆ ಕೇಳಿಸದ ಹಾಗೆ ಮಾಡು, ಇಲ್ಲದಿದ್ದರೆ ಮತ್ತೆ ಆ ಹುಡುಗನಿಗೆ ಏನಾಗಿದೆ ಅಂತ ಕೇಳುತ್ತಾಳೆ.

ನಿನ್ನ ತಮ್ಮ